ಬಾಣಂತನ ನಂದು, ಬೋರ್ಡು ಅವ್ರ್ದು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದ ಪತ್ರಕರ್ತರೆಲ್ಲ ಕತ್ತು ಮೇಲೆತ್ತಿ ಹೆಜ್ಜಾರ್ಲೆ ಹಕ್ಕಿಯ ಬಗ್ಗೆ ಬರೆದು ಬರುತ್ತಾರೆ. ಹೆಜ್ಜಾರ್ಲೆಯೋ ಮಿತಭಾಷಿ. ಅದರ ಗಂಟಲಿನಿಂದ ಮೀನು ಬಿಟ್ಟರೆ ಹೆಚ್ಚೇನೂ ಹೊರಬರುವುದಿಲ್ಲ. ಹಾಗಾಗಿ ನಾವು ಅದರ ಮನೆಯೊಡತಿಯನ್ನೇ ಹಿಡಿದೆವು: ಹಿತ್ತಿಲ ಹುಣಸೆಮರ. ವಯಸ್ಸು ಕೇಳಿದ್ದಕ್ಕೆ ‘ಆಧಾರ್ ಮಾಡ್ಸಿಲ್ಲ’ ಎಂದಿತು. ಕೊಡೆ ಬಿಚ್ಚಿಕೊಂಡು ಬುಡದಲ್ಲಿ ಕೂತೆವು. ಮಳೆಗಲ್ಲ.

ಅಜ್ಜಿ, ಈ ಹಕ್ಕಿಗಳು ನಿಮ್ಮೂರಿಗೆ ಬರುತ್ತಿರುವುದು ಯಾವಾಗಿನಿಂದ?

ಬುಕ್ಕಲ್ಲಿ ಬರ್ದಿರಾದು 1853ರಲ್ಲಿ ಕಣಪ್ಪ. ಜರ್ಡನ್ ಅನ್ನೋ ದೊರೆ ಬರ್ಕಂಡೋದ. ಆಮೇಲೆ ಮರ್ತ್ರು. 1976ರಲ್ಲಿ ಅರಣ್ಯ ಇಲಾಖೆಯ ನೇಗಿನಹಾಳರು ಬಂದು ಮತ್ತೆ ಕಂಡುಹಿಡುದ್ರು. ಪುಣ್ಯಾತ್ಮ, ಅವ್ರನ್ನ ಅನ್ನಾಕಿಲ್ಲ, ಹಕ್ಕಿಗೆ ಮರ್ಯಾದೆ ಬಂದದ್ದೇ ಅವ್ರಿಂದ. ಆದ್ರೆ ಊರೋರ್ಗೆ ಮೊದ್ಲೇ ಗೊತ್ತಿತ್ತಲ್ಲ. ಊರೋರ್ಗೆ ಗೊತ್ತಿದ್ರೆ ಅದು ಲೆಕ್ಕಕ್ಕಿಲ್ಲ ಅಂತ ಕಾಣ್ತದೆ.

ಊರೇ ಜಾಗ ಬದಲಿಸಿತ್ತಂತೆ?

1916ರ ಪ್ಲೇಗಲ್ಲಿ ಜನ ಶಿಂಷಾ ಹೊಳೆ ದಡದ ಹಳೇ ಊರು ಬಿಟ್ಟು ಇಲ್ಲಿಗೆ ಬಂದ್ರು. ಹಕ್ಕಿಗಳೂ ಹಿಂದೇನೆ ಬಂದ್ವು ಅಂತಾರೆ. ಅಲ್ಲಿ ಮರ ಇತ್ತು, ಹೊಳೆ ಪಕ್ಕದಲ್ಲೇ ಇತ್ತು, ಕಾಟ ಕೊಡೋರು ಯಾರೂ ಇರ್ನಿಲ್ಲ. ಆದ್ರೂ ಬಂದ್ವು.

ಜನರನ್ನು ದೂರವಿಟ್ಟರೆ ಮಾತ್ರ ವನ್ಯಜೀವಿ ಉಳಿಯುತ್ತದೆ ಎಂದು ದೊಡ್ಡ ದೊಡ್ಡವರು ಹೇಳುತ್ತಾರಲ್ಲ?

ಹಕ್ಕಿಗೆ ಓದಾಕೆ ಬರಾಕಿಲ್ಲ.

ಈ ಹಕ್ಕಿಗಳು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರವರು ಹೇಳುತ್ತಾರೆ. ಕೇಳಲಿಕ್ಕೆ ಎಷ್ಟು ಚೆನ್ನ!

ಕೇಳಾಕೆ ಚೆನ್ನ. ಮಾಡಿ ನೋಡು. ಒಂದು ಕಡೆ ಹೆಜ್ಜಾರ್ಲೆ, ಇನ್ನೊಂದು ಕಡೆ ಬಣ್ಣದ ಕೊಕ್ಕರೆ, ಎಲ್ಲಾರ್ದೂ ಒಂದೇ ಸಲ. ಮರಿ ಅನ್ನೋದು ತಾಯಿ ಗಂಟ್ಲೊಳಕ್ಕೆ ಭುಜದ ತಂಕ ತಲೆ ತೂರ್ಸಿ ಮೀನು ಹುಡುಕ್ತದೆ. ಹೊಸಬ್ರು ನೋಡಿ, ತಾಯೀನೇ ಮರೀನ ನುಂಗ್ತಾವ್ಳೆ ಅಂತ ಕಿರುಚ್ಕತಾರೆ. ಮೀನು ವಾಸ್ನೆ ಮನೆ ಒಳಗಿರೋ ಅನ್ನದ ಗಡಿಗೆ ತಂಕ ಓಯ್ತದೆ. ಮೊದ್ಲು ನನ್ನ ಮೇಲೊಂದು ದೆವ್ವ ಇತ್ತು, ಹುಣಸೆಮರ ಅಂದ್ಮೇಲೆ ಇರ್ಬೇಕಲ್ಲ. ಈ ಗಲಾಟೆ ತಡೀನಾರ್ದೆ ಬಿಟ್ಟೋಯ್ತು.

ನಿಮ್ಮ ಯಜಮಾನರಿಗೆ ಇದರಿಂದ ನಷ್ಟವೇ?

ನನ್ನ ಹಣ್ಣಾಗಾದೂ ಅವುಕ್ಕೆ ಮರಿ ಆಗಾದೂ ಒಂದೇ ಕಾಲ್ದಲ್ಲಿ. ಗಳ ತಕಂಡು ಕೊಂಬೆ ಬಡುದ್ರೆ ಹಣ್ಣಿನ ಜೊತೆ ಮೊಟ್ಟೆನೂ ಉದುರ್ತವೆ. ಅದ್ಕೆ ಯಜಮಾನ ಗಳ ಅಟ್ಟಕ್ಕೆ ಹಾಕ್ದ. ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡ್ತದೆ. ಆ ದುಡ್ಡಿಗೆ ಸಂತೇಲಿ ಎಷ್ಟು ಹುಣಸೆಹಣ್ಣು ಬತ್ತದೆ ಅಂತ ಅವನೆಂಡ್ರನ್ನ ಕೇಳು. ಹಿತ್ಲಲ್ಲಿ ನನ್ನನ್ನ ಇಟ್ಕಂಡು ಸಾರಿಗೆ ಅಂಗ್ಡಿಯಿಂದ ಹುಳಿ ತರೋಳು ಅವ್ಳು.

ಹಿಕ್ಕೆ ಒಳ್ಳೆಯ ಗೊಬ್ಬರವಂತೆ?

ಬುಡದಲ್ಲಿ ಕೆರೆ ಗೋಡು ಹರಡಿ, ಬಿದ್ದ ಹಿಕ್ಕೆ ಅದ್ರ ಜೊತೆ ಕಲೆಸಿ ಹೊಲಕ್ಕೆ ಹೊಡೀತಾರೆ. ಅದೊಂದು ಲಾಭ, ಇಲ್ಲ ಅನ್ನಾಕಿಲ್ಲ.

2007ರಲ್ಲಿ ನಿಮ್ಮೂರು ಸಮುದಾಯ ಮೀಸಲು ಪ್ರದೇಶವಾಯಿತು. ಆಮೇಲೆ ನಿಮ್ಮ ಸ್ಥಾನಮಾನ ಹೆಚ್ಚಿರಬೇಕು.

ಬೋರ್ಡು ಬಂತು. ಬಣ್ಣದ್ದು, ದೊಡ್ಡದು. ಹೆಜ್ಜಾರ್ಲೆ ಚಿತ್ರ ಐತೆ, ನಂದಿಲ್ಲ. ಆಗಿನ ಕಾನೂನಿನ ಪ್ರಕಾರ ನಿರ್ವಹಣಾ ಸಮಿತೀಲಿ ಪಂಚಾಯ್ತಿ ಕಳ್ಸಿದ ಐದು ಜನ, ಇಲಾಖೆಯೋರು ಒಬ್ರು. ಮರದ ಕಡೆಯಿಂದ ಯಾರು ಅಂತ ಕೇಳ್ದೆ. ಸಭೆ ನಡೆಸಾಕೆ ನೆರಳು ಕೊಡು ಅಂದ್ರು.

ಸರಿ, ಈ ಊರಲ್ಲಿ ಹಕ್ಕಿಗಾಗಿ ನಿಜಕ್ಕೂ ದುಡಿದವರು ಯಾರು?

ತೊಂಬತ್ತರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನೋ ಗುಂಪಿನೋರು ಬಂದ್ರು. ಊರ ಹುಡುಗ್ರು ಸೇರ್ಕಂಡು ಹೆಜ್ಜಾರ್ಲೆ ಬಳಗ ಕಟ್ಟಿದ್ರು. ಗೂಡಿಂದ ಬಿದ್ದ ಮರೀನ ತಾಯಿ ತಿರುಗಿ ನೋಡಾಕಿಲ್ಲ, ನಾಯಿಪಾಲು. ಈ ಹುಡುಗ್ರು ಅದನ್ನ ಎತ್ಕಂಡೋಗಿ ಬೇಲಿ ಕಟ್ಟಿದ ಜಾಗ್ದಲ್ಲಿ ಬಿಟ್ಟು, ರೆಕ್ಕೆ ಬಲಿಯಾ ತಂಕ ಮೀನು ಹಾಕ್ತಾರೆ. ಇಂಥೋರು ಭಾಷಣಕ್ಕೆ ಸಿಕ್ಕಾಕಿಲ್ಲ, ಕೈಯೆಲ್ಲ ಮೀನು ವಾಸ್ನೆ ಇರ್ತದೆ ನೋಡು. ನಿಮಗೆ ದುಡ್ಡು ಕೊಡಂಗಿದ್ರೆ ಅವ್ರ ಮೀನಿನ ಬುಟ್ಟಿಗೆ ಕೊಡಿ. ಬೆಂಗಳೂರಲ್ಲಿ ಎಸಿ ಹಾಲಲ್ಲಿ ಸಂಕಿರಣ ಮಾಡಿ, ಊಟಕ್ಕೆ ಮೀನು ಬಡ್ಸಾದು ಬ್ಯಾಡ.

2017–18ರಲ್ಲಿ ಹಕ್ಕಿಗಳು ಸತ್ತವಲ್ಲ, ಆಗ?

(ಮರ ಸ್ವಲ್ಪ ಹೊತ್ತು ಎಲೆ ಅಲ್ಲಾಡಿಸಲಿಲ್ಲ.) ದೊಡ್ಡ ಹಕ್ಕಿಗಳೇ ಕಣಪ್ಪ. ಕೂತ ಕೊಂಬೆಯಿಂದಲೇ ದೊಪ್ಪಂತ ಬೀಳಾವು. ಕುಯ್ದು ನೋಡುದ್ರೆ ಹೊಟ್ಟೆ ತುಂಬ ಹುಳ. ಊರಲ್ಲಿ ಎಷ್ಟೇ ಮುಚ್ಚಟೆಯಿಂದ ನೋಡ್ಕಂಡ್ರೂ ಅವು ಉಣ್ಣಾಕೆ ಓಗಾದು ಊರಾಚೆ ಕೆರೆಗೆ. ಆ ಕೆರೆ ಯಾವ ಸಮಿತಿ ಕೈಲೈತೆ, ನೀನೇ ಯೋಳು.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಹೆಜ್ಜಾರ್ಲೆ ಅಪಾಯದ ಹತ್ತಿರ ಇರುವ ಜೀವಿ. ನಿಮ್ಮ ಹುಣಸೆ ಜಾತಿಯ ಬಗ್ಗೆ ಮಾತ್ರ ಚಿಂತೆ ಬೇಡ ಅನ್ನುತ್ತದೆ ಅದೇ ಪಟ್ಟಿ.

ಭೂಮಿ ಮ್ಯಾಲಿರೋ ಹುಣಸೆನೆಲ್ಲ ಸೇರ್ಸಿ ಬರ್ದವ್ರೆ. ಹೆಜ್ಜಾರ್ಲೆಗೆ ಬೇಕಾಗಿರಾದು ಈ ಹಿತ್ಲ ಹುಣಸೆ. ಹೋದ ಮರದ ಜಾಗಕ್ಕೆ ಇವತ್ತು ಸಸಿ ನೆಟ್ರೆ ಅದು ಗೂಡು ತಡ್ಕಳ್ಳಾ ಹೊತ್ಗೆ ನೆಟ್ಟೋನ ಮೊಮ್ಮಗ ಬರ್ಬೇಕು. ಬೋರ್ಡು ಆದ್ರೆ ಒಂದಿನಕ್ಕೆ ನೆಟ್ಟಾಯ್ತು.

ಮುಂದಿನ ಯೋಜನೆ?

ಯಜಮಾನನ ಮಕ್ಕಳು ಭಾಗ ಕೇಳ್ತಾವ್ರೆ. ಮಾತುಕತೆ ಆಗೈತೆ. ಹಣ್ಣು ದೊಡ್ಡೋನ್ಗೆ, ಗೊಬ್ಬರ ಚಿಕ್ಕೋನ್ಗೆ. ಇಲಾಖೆ ದುಡ್ಡು ಯಾರ ಖಾತೆಗೆ ಅಂತ ಇನ್ನೂ ಜಗಳ. ಗೋಡೆ ಎತ್ತಾಕೆ ನಾನು ಅಡ್ಡ ಬತ್ತೀನಿ ಅಂತ ಮಾತ್ರ ಇಬ್ರೂ ಒಪ್ಕಂಡವ್ರೆ. ಸರ್ವೇಯೋರು ಸೋಮ್ವಾರ ಬತ್ತಾರಂತೆ. ಮೇಲ್ಗಡೆ ಕೊಂಬೇಲಿ ಮೂರು ಮರಿ ಅವೆ, ರೆಕ್ಕೆ ಇನ್ನೂ ಬಲ್ತಿಲ್ಲ. ನಿನಗೆ ತಾಲ್ಲೂಕಾಫೀಸಲ್ಲಿ ಯಾರಾದ್ರೂ ಗುರ್ತಿನೋರಿದ್ರೆ, ಅಳತೆ ಜೂನಿಗೆ ಹಾಕ್ಸು.