ಜೈಲಿಗೆ ಹೋಗಿ ಬಂದವರಿಗೆ ವೋಟು

ನಮ್ಮ ಮರಳವಾಡಿ ಕಡೆ ಎಲೆಕ್ಷನ್ ಮಾತು ಎಲ್ಲಿಂದ ಶುರುವಾದರೂ ಸುತ್ತಿ ಬಳಸಿ ಡಿ.ಕೆ. ಶಿವಕುಮಾರ್ ಅವರ ತಿಹಾರ್ ಜೈಲಿಗೇ ಬಂದು ನಿಲ್ಲುತ್ತೆ, ಅಲ್ವಾ? ಅದರಲ್ಲೂ ಒಂದು ವಿಚಿತ್ರ ನೋಡಿ. ತಾಲ್ಲೂಕು ಮೊದಲು ಕನಕಪುರ, ಈಗ ಹಾರೋಹಳ್ಳಿ. ವಿಧಾನಸಭೆಗೆ ನಮ್ಮ ಹೋಬಳಿಯ ವೋಟು ಬೀಳೋದು ರಾಮನಗರಕ್ಕೆ. ಕನಕಪುರದಿಂದ ನಿಲ್ಲೋ ಅವರಿಗೆ ವೋಟು ಹಾಕೋ ಹಾಗೇ ಇಲ್ಲ, ಆದರೂ ಜಗಲಿ ಮೇಲೆ ಕೂತರೆ ಅವರದೇ ಪಂಚಾಯ್ತಿ.

2019ರ ಆ ಗಣೇಶನ ಹಬ್ಬ ನೆನಪಿದೆಯಲ್ಲ? ಹಬ್ಬದ ದಿನವೂ ದೆಹಲಿಯಲ್ಲಿ ಇ.ಡಿ. ವಿಚಾರಣೆ. ಅಪ್ಪನಿಗೆ ಎಡೆ ಇಡೋಕೂ ಬಿಡಲಿಲ್ಲ ಅಂತ ಅವರು ಕಣ್ಣೀರು ಹಾಕಿದರು. ಮಾರನೇ ದಿನ, ಸೆಪ್ಟೆಂಬರ್ 3ಕ್ಕೆ ಬಂಧನ. ಕೇಸಿನ ವಿವರ ಕೇಳಿದರೆ ನಮ್ಮೂರಲ್ಲಿ ಹೇಳೋರು ಕಡಿಮೆ. ಎಡೆಯ ಮಾತು ಮಾತ್ರ ಎಲ್ಲರಿಗೂ ಬಾಯಿಪಾಠ. ಹಿರಿಯರಿಗೆ ಎಡೆ ಇಡದೆ ತುತ್ತು ಎತ್ತದ ಸೀಮೆ ಇದು, ಹೊಟ್ಟೆ ಚುರ್ ಅನ್ನದೇ ಇರುತ್ತಾ? ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕಿ ಬಂದಾಗ ಕ್ರೇನಿಗೆ ನೇತುಹಾಕಿದ ಸೇಬಿನ ಹಾರ! ಕನಕಪುರದಲ್ಲಿ 2018ಕ್ಕೆ ಸುಮಾರು 80 ಸಾವಿರ ಇದ್ದ ಅವರ ಗೆಲುವಿನ ಅಂತರ 2023ಕ್ಕೆ 1 ಲಕ್ಷ 22 ಸಾವಿರ ದಾಟಿತು.

2019ರ ಆ ಬಂಧನ ಖಂಡಿಸಿ ಬೆಂಗಳೂರಲ್ಲಿ ಮೆರವಣಿಗೆ ಆಯ್ತಲ್ಲ, ಅದು ಹೋಗಿದ್ದು ಎಲ್ಲಿಗೆ? ಫ್ರೀಡಂ ಪಾರ್ಕಿಗೆ. ಅದೇ ಹಳೇ ಸೆಂಟ್ರಲ್ ಜೈಲು ಕಣ್ರೀ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ನಮ್ಮ ದೇವೇಗೌಡರು, ಎಲ್ಲರನ್ನೂ ಕೂಡಿಹಾಕಿದ್ದ ಜಾಗ. ಅವರಲ್ಲಿ ಇಬ್ಬರು ಮುಂದೆ ಪ್ರಧಾನಿಯಾದರು. ಅಷ್ಟು ದೂರ ಯಾಕೆ, ಕೆಂಗಲ್ ಹನುಮಂತಯ್ಯನವರೇ ಇಲ್ವೇ, ರಾಮನಗರದ ಪಕ್ಕದ ಲಕ್ಕಪ್ಪನಹಳ್ಳಿಯವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು 1952ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. ಜೈಲು ಕಂಡವರೆಲ್ಲ ಕೆಟ್ಟವರು ಅಂತ ಗೆರೆ ಎಳೆದುಬಿಟ್ಟರೆ ಇವರನ್ನೆಲ್ಲ ಎಲ್ಲಿಡೋಣ ಹೇಳಿ?

ಹಾಗಂತ ಎಲ್ಲ ಬಂಧನವನ್ನೂ ಒಂದೇ ತಕ್ಕಡೀಲಿ ಹಾಕೋಕಾಗುತ್ತಾ? ನಾಡಿಗಾಗಿ ಜೈಲಿಗೆ ಹೋಗೋದು ಬೇರೆ, ದುಡ್ಡಿನ ಕೇಸಲ್ಲಿ ಹೋಗೋದು ಬೇರೆ. ಅದರಲ್ಲೂ ಕೊನೆ ಒಂದೊಂದಕ್ಕೆ ಒಂದೊಂದು ಥರ. ಶಿವಕುಮಾರ್ ಅವರ ಮೇಲಿನ ಇ.ಡಿ. ಕೇಸನ್ನು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2011ರಲ್ಲಿ ಜಮೀನು ಡಿನೋಟಿಫಿಕೇಶನ್ ಕೇಸಲ್ಲಿ ಪರಪ್ಪನ ಅಗ್ರಹಾರ ಜೈಲಿಗೆ ಹೋಗಿದ್ದ ಯಡಿಯೂರಪ್ಪನವರನ್ನು, ಅದಲ್ಲದ ಇನ್ನೊಂದು ಗಣಿ ಲಂಚದ ಕೇಸಲ್ಲಿ ಸಿಬಿಐ ಕೋರ್ಟು 2016ರಲ್ಲಿ ಖುಲಾಸೆ ಮಾಡಿತು. ಅದೇ 2011ರಲ್ಲಿ ಬಂಧನವಾದ ಜನಾರ್ದನ ರೆಡ್ಡಿಯವರನ್ನು 2023ರಲ್ಲಿ ಗಂಗಾವತಿ ಜನ ಗೆಲ್ಲಿಸಿದರು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿತು, ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ಹದಿನಾಲ್ಕು ವರ್ಷ! ಅಷ್ಟರಲ್ಲಿ ಎಷ್ಟು ಎಲೆಕ್ಷನ್ ಬಂದು ಹೋದವು.

ಕಾನೂನಂತೂ ಇನ್ನೂ ಸೋಜಿಗ. ಶಿಕ್ಷೆಯಾಗದೆ ಕೇಸಿನ ಮೇಲೆ ಜೈಲಲ್ಲಿರೋನು ವೋಟು ಹಾಕೋ ಹಾಗಿಲ್ಲ, ಎಲೆಕ್ಷನ್‌ಗೆ ನಿಲ್ಲಬಹುದು! 2013ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೇಡ ಅಂದಿತ್ತು, ಸಂಸತ್ತು ಅದೇ ವರ್ಷ ತಿದ್ದುಪಡಿ ಮಾಡಿ ಮತ್ತೆ ಬಾಗಿಲು ತೆಗೆಯಿತು. ಸಾಮಾನ್ಯವಾಗಿ 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಮಾತ್ರ ಅನರ್ಹತೆ. ಅಲ್ಲೀವರೆಗೂ ತೂಗಿ ನೋಡೋ ಕೆಲಸ ನಮ್ಮ ತಲೆ ಮೇಲೇ.

ಅದಕ್ಕೇ ಹೇಳ್ತೀನಿ, ಬಂಧನವನ್ನು ಮರೀಲೂಬಾರದು, ಅದೊಂದನ್ನೇ ಹಿಡಿದುಕೊಂಡು ಕಳ್ಳ ಅಂತ ತೀರ್ಮಾನಕ್ಕೂ ಬರಬಾರದು. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ರೀಲರು ಒಂದು ಹಿಡಿ ಗೂಡು ಕೈಗೆತ್ತಿ ನೋಡದೆ ಬೆಲೆ ಕಟ್ಟುತ್ತಾನಾ? ಅಭ್ಯರ್ಥಿ ಸಲ್ಲಿಸೋ ಅಫಿಡವಿಟ್ಟಲ್ಲಿ ಬಾಕಿ ಇರೋ ಕೇಸು, ಆದ ಶಿಕ್ಷೆ ಎರಡೂ ಇರುತ್ತವೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಿಂದೀಚೆಗೆ ಕೇಸುಗಳನ್ನು ಪೇಪರಲ್ಲಿ, ಟಿವಿಯಲ್ಲಿ ಮೂರು ಸಲ ಪ್ರಕಟಿಸಲೇಬೇಕು. ಅದನ್ನು ಓದೋರು ಯಾರು? ನಮ್ಮೋರು ಅಂದರೆ ಕೇಸೆಲ್ಲ ಸುಳ್ಳು, ಎದುರು ಪಾರ್ಟಿ ಅಂದರೆ ಎಲ್ಲಾ ನಿಜ. ನನಗೆ ಸಂಕಟ ಆಗೋದು ಇಲ್ಲೇ. ಅಭಿಮಾನ ಇರಲಿ, ಎಡೆಯ ಮಾತಿಗೆ ಕಣ್ಣು ತುಂಬೋದೂ ಇರಲಿ. ಕೇಸಿನ ಕಾಗದ ನೋಡೋಕೆ ಅವು ಅಡ್ಡ ಬರಬಾರದು.

ಮುಂದಿನ ಸಲ ಯಾವ ಪಾರ್ಟಿಯೋರೇ ಕೈ ಮುಗಿದು ಬರಲಿ, ಕಾಫಿ ಕೊಟ್ಟು ಕೂರಿಸಿ ಕೇಳೋಣ: ಯಾವ ಕೇಸಣ್ಣ, ಯಾತಕ್ಕೆ ಹಾಕಿದರು, ಈಗ ಎಲ್ಲಿಗೆ ಬಂತು? ಮನೆ ಬಾಗಿಲಿಗೆ ಬಂದಾಗ ಕೇಳದೆ ಗೆದ್ದು ಹೋದಮೇಲೆ ಕೇಳೋಕಾಗುತ್ತಾ, ನೀವೇ ಹೇಳಿ?