ಟೆಲಿಫೋನ್ ರಾಯರು

ಹಳೆಯ ಬಡಾವಣೆ ಎಂದಮೇಲೆ ಅಲ್ಲೊಬ್ಬರು ಟೆಲಿಫೋನ್ ರಾಯರು ಇರಲೇಬೇಕು. ಇಲಾಖೆಯ ಕೆಲಸ ಬಿಎಸ್‌ಎನ್‌ಎಲ್ ಪಾಲಾದದ್ದು 2000ದ ಅಕ್ಟೋಬರಿನಲ್ಲಿ. ರಾಯರ ಬಾಯಲ್ಲಿ ಅದಿನ್ನೂ ‘ಡಿಪಾರ್ಟ್‌ಮೆಂಟು’. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅಂಗಿಜೇಬಿನಲ್ಲಿ ಟೆಸ್ಟರ್ ಇರುತ್ತದೆ. ಪೆನ್ನು ಬೇಕಾದರೆ ನಮ್ಮನ್ನು ಕೇಳುತ್ತಾರೆ.

ಬಿಲ್ಲು ಕಟ್ಟಿದ ಮಾತ್ರಕ್ಕೆ ಫೋನು ನಿಮ್ಮದಾಗುತ್ತಿರಲಿಲ್ಲ ಎಂಬುದು ಅವರ ಮೂಲಮಂತ್ರ. ದೂರವಾಣಿನಗರದ ಐಟಿಐ ಕಾರ್ಖಾನೆಯಿಂದ ಬಂದ ಆ ಕರಿ ಸೆಟ್ಟು ಇಲಾಖೆಯ ಸ್ವತ್ತು. ಹಾಲಿನಿಂದ ರೂಮಿಗೆ ಸರಿಸಲೂ ಅರ್ಜಿ ಕೊಡಬೇಕಿತ್ತು. ಹೊರಗಿನ ಸೆಟ್ಟನ್ನು ಅನುಮತಿ ಇಲ್ಲದೆ ಲೈನಿಗೆ ಸಿಕ್ಕಿಸಿದರೋ, 1885ರ ಆಕ್ಟು, 1951ರ ರೂಲ್ಸು ಎರಡೂ ಹೊರಬರುತ್ತವೆ. 2023ರಲ್ಲಿ ಹೊಸ ಕಾಯ್ದೆ ಬಂದಿದೆಯಲ್ಲ ರಾಯರೇ ಎಂದರೆ, “ಬರಲಿ ಬಿಡಿ, ಅದಿನ್ನೂ ಪ್ರೊಬೇಷನ್ನಿನಲ್ಲಿದೆ” ಎನ್ನುತ್ತಾರೆ.

ಮೊನ್ನೆ ಪಕ್ಕದ ಮನೆಯ ಕಂಪ್ಯೂಟರನ್ನು ಮಹಡಿಗೆ ಸಾಗಿಸುವುದಿತ್ತು. ಯಾರೂ ಕರೆದಿರಲಿಲ್ಲ, ರಾಯರು ಬಂದಿದ್ದರು. ಆಕಾಶದಲ್ಲಿ ಮೋಡ. “ಗುಡುಗುವ ಮುಂಚೆಯೇ ಮೋಡೆಮ್ಮಿನ ಕರೆಂಟೂ ತೆಗೀಬೇಕು, ಲೈನೂ ತೆಗೀಬೇಕು. ಸಿಡಿಲು ಇಂಥ ವೈರಿನಲ್ಲೇ ಬರ್ತೀನಿ ಅಂತ ಬರೆದುಕೊಟ್ಟಿಲ್ಲ” ಎಂದು ಶುರುಮಾಡಿದರು. ಈ ಮಾತಿನಲ್ಲಿ ತಪ್ಪು ಹುಡುಕುವಂತಿಲ್ಲ, ಅದೇ ಅವರ ತೊಂದರೆ. ಫೋನ್ ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟು, ಗಂಟೆ ಹೊಡೆಯುವಾಗ 75ರ ಆಸುಪಾಸು. ಕಂಬದ ಮೇಲೆ ಕೂತು ಹಲ್ಲಿನಲ್ಲಿ ವೈರು ಸುಲಿಯುತ್ತಿದ್ದಾಗ ಕರೆ ಬಂದು, ಯಾರದೋ ಮಗಳ ಮದುವೆ ನಿಶ್ಚಯವಾದ ಸುದ್ದಿ ಮೊದಲು ಇವರ ಹಲ್ಲಿಗೆ ಮುಟ್ಟಿತಂತೆ.

ಅಷ್ಟರಲ್ಲಿ ಆ ಮನೆಯ ಹುಡುಗ ಪೆನ್‌ಡ್ರೈವಿಗೆ ಕೈಹಾಕಿದ.

“ನಿಲ್ಲು! ಫೋನ್ ಸರೆಂಡರ್ ಮಾಡಬೇಕಾದ್ರೆ ಏನು ಮಾಡ್ತಿದ್ರು? ಅರ್ಜಿ ಕೊಟ್ಟು, ಬಾಕಿ ಚುಕ್ತಾ ಮಾಡ್ತಿದ್ರು. ಇದರಲ್ಲೂ ಬರೆಯೋ ಬಾಕಿ ಇರುತ್ತಪ್ಪ.”

“ವಿಂಡೋಸ್ 10ರಲ್ಲೇ ಅದನ್ನೆಲ್ಲ ಬದಲಾಯಿಸಿದ್ದಾರೆ ತಾತ, ಹಾಗೇ ಎಳೀಬಹುದು.”

“ಫೈಲು ಕಾಪಿ ಆಗ್ತಿರುವಾಗಲೂ?”

ಹುಡುಗ ಮಾತಾಡಲಿಲ್ಲ. ರಾಯರು ‘ಇಜೆಕ್ಟ್’ ಒತ್ತಿಸಿದರು. ಸಾಧನ ಬಳಕೆಯಲ್ಲಿದೆ, ಆಮೇಲೆ ಪ್ರಯತ್ನಿಸಿ ಎಂದು ಕಂಪ್ಯೂಟರು ಖಡಾಖಂಡಿತವಾಗಿ ಹೇಳಿತು. ರಾಯರ ಮುಖ ಅರಳಿದ್ದನ್ನು ನೋಡಬೇಕಿತ್ತು. ಈ ಮಾರ್ಗದ ಲೈನುಗಳೆಲ್ಲ ಕಾರ್ಯನಿರತವಾಗಿವೆ ಎಂಬ ಆ ಹಳೆಯ ಹೆಣ್ಣುದನಿಯನ್ನೇ ಕೇಳಿದಂತೆ ಕಣ್ಣರಳಿಸಿ, “ಇದಕ್ಕೆ ಡಿಪಾರ್ಟ್‌ಮೆಂಟಿನ ಸಂಸ್ಕಾರ ಇದೆ ಕಣಯ್ಯ” ಎಂದರು. ತೆರೆದಿದ್ದ ಫೋಟೊ ಮುಚ್ಚಿದ ಮೇಲೆ ಅನುಮತಿ ಸಿಕ್ಕಿತು.

ಆಮೇಲೆ ಶಟ್‌ಡೌನ್, ಯುಪಿಎಸ್, ಗೋಡೆಯ ಸ್ವಿಚ್ಚು. ಪ್ಲಗ್ಗನ್ನೇ ಹಿಡಿದು ಎಳೆದರು, ವೈರನ್ನಲ್ಲ. ಒಂದೊಂದು ವೈರಿಗೂ ಚೀಟಿ ಕಟ್ಟಿದ್ದಾಯಿತು. ಕೊನೆಗೆ ಹಾಳೆಯೊಂದರಲ್ಲಿ ‘ಮಾನಿಟರ್ 1, ಕೀಬೋರ್ಡ್ 1, ಮೌಸ್ 1, ಸುಸ್ಥಿತಿಯಲ್ಲಿ’ ಎಂದು ಬರೆದು ಮನೆಯ ಯಜಮಾನರ ರುಜು ಪಡೆದರು. ಎರಡು ಪ್ರತಿ. ಒಂದು ಯಜಮಾನರಿಗೆ. ಇನ್ನೊಂದು ಆಫೀಸ್ ಕಾಪಿ ಎಂದು ಮಡಚಿ ಜೇಬಿಗಿಟ್ಟುಕೊಂಡರು. ಯಾವ ಆಫೀಸು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.