ತ್ರಿಪುರ ದಂತದ್ರವ್ಯ ಮೀಮಾಂಸೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಮೂರು ಪುರಗಳಲ್ಲಿ ಬಾಯಾಡಿಸುವ ಸಮಸ್ತರ ಹಿತಾರ್ಥವಾಗಿ ಈ ಶಾಸ್ತ್ರ ಹುಟ್ಟಿತು. ಹಲ್ಲಿಗೆ ತುಂಬುವ ದ್ರವ್ಯವನ್ನು ಪಂಡಿತರು ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಮೆಗಾಪಾಸ್ಕಲ್‌ಗೆ ಒಡೆಯಿತೆಂದು ಬರೆದುಕೊಳ್ಳುತ್ತಾರೆ. ಅದು ಗೌಣ ಪ್ರಮಾಣ. ಮುಖ್ಯ ಪ್ರಮಾಣವೆಂದರೆ ರೋಗಿ ಕುರ್ಚಿಯಿಂದ ಏಳುವ ಮೊದಲೇ ಕೇಳುವ ಪ್ರಶ್ನೆ: "ರೀ ಡಾಕ್ಟರ್ರ, ಖಡಕ್ ರೊಟ್ಟಿ ತಿನ್ನಾಕ ಬರತೈತೇನ್ರಿ?"

ಇದಕ್ಕೆ ಧೈರ್ಯವಾಗಿ ಹೂಂ ಎಂದದ್ದು ಅಮಾಲ್ಗಮ್. ಜನ ಅದನ್ನು ಬೆಳ್ಳಿ ತುಂಬಿಸುವುದು ಎಂದರೂ ತೂಕದಲ್ಲಿ ಸುಮಾರು ಅರ್ಧ ಪಾದರಸವೇ; ಉಳಿದರ್ಧದಲ್ಲಿ ಬೆಳ್ಳಿ, ತವರ, ತಾಮ್ರ ಪಾಲುದಾರರು. 1890ರ ದಶಕದಲ್ಲಿ ಅಮೆರಿಕದ ಜಿ.ವಿ. ಬ್ಲ್ಯಾಕ್ ಇದರ ಹದ ಗೊತ್ತುಮಾಡಿದ. ಪಾದರಸದ ದೆಸೆಯಿಂದ ಇದರ ಬಳಕೆ ತಗ್ಗಿಸಿರೆಂದು 2013ರ ಮಿನಮಾಟಾ ಒಪ್ಪಂದ ಹೇಳಿತು. ಆ ಒಪ್ಪಂದಕ್ಕೆ ರೊಟ್ಟಿಯ ಸಹಿ ಬಿದ್ದಿಲ್ಲ.

ಆಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್. ರಾಳದಲ್ಲಿ ಗಾಜಿನ ನುಣ್ಣನೆಯ ಪುಡಿ. ನೀಲಿ ಬೆಳಕು ಹಿಡಿದರೆ ಗಟ್ಟಿ. ಇದರ ರಾಳಕ್ಕೆ 1962ರಲ್ಲಿ ಪೇಟೆಂಟ್ ಪಡೆದ ರಫೇಲ್ ಬೋವೆನ್ ಬ್ಯಾಡಗಿಯ ಊಟ ಉಂಡಿದ್ದರೆ ಇನ್ನೊಮ್ಮೆ ಯೋಚಿಸುತ್ತಿದ್ದನೇನೋ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಖಾರಕ್ಕಿಂತ ಬಣ್ಣಕ್ಕೆ. ಅದರ ಸತ್ವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅದೇ ಕೆಂಪು ತುಟಿಗೆ ಹತ್ತಿದರೆ ಅಲಂಕಾರ, ಅರಿಸಿನದ ಜತೆಗೂಡಿ ಕಾಂಪೋಸಿಟ್‌ಗೆ ಹತ್ತಿದರೆ ಕಲೆ. ಇದಕ್ಕೆ ಸ್ಥಾನಭೇದನ್ಯಾಯವೆಂದು ಹೆಸರಿಟ್ಟಿದ್ದೇವೆ.

ಹಾವೇರಿಯ ಒಂದು ಅನ್ಯಾಯವೂ ದಾಖಲಾಗಲಿ. ಊರಿನ ಕೀರ್ತಿಯೆಲ್ಲ ಏಲಕ್ಕಿ ಹಾರದ್ದು. ಏಲಕ್ಕಿ ಏನೂ ದುಡಿಯದೆ ಮಂತ್ರಿಗಳ ಕೊರಳೇರುತ್ತದೆ. ಲವಂಗವೋ, ತನ್ನೆಣ್ಣೆಯ ಯೂಜಿನಾಲನ್ನು ಸತುವಿನ ಆಕ್ಸೈಡಿಗೆ ಧಾರೆಯೆರೆದು, ಹುಳುಕು ಹಲ್ಲಿನ ತಗ್ಗಿನಲ್ಲಿ ತಾತ್ಕಾಲಿಕ ಸಿಮೆಂಟಾಗಿ ಕೂತು ನೋವು ತಣಿಸುತ್ತದೆ. ಅದರ ಹಾರ ಹಾಕಿಸಿಕೊಂಡ ಮಂತ್ರಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು, ಜಿರ್ಕೋನಿಯಾ ಕ್ಯಾಪ್ ಹಾಕಿಸಿದರಾಯಿತು ಎನ್ನುತ್ತಾನೆ. ಖಂಡನೆ: ಅದು ಸುಲಭಕ್ಕೆ ಒಡೆಯದು ನಿಜ, ಸರಿಯಾಗಿ ಪಾಲಿಶ್ ಆಗದಿದ್ದರೆ ಎದುರಿನ ಹಲ್ಲನ್ನು ತೇಯುತ್ತದೆ. ಹಾಗಾದರೆ ಅಕ್ರಿಲಿಕ್ ಸೆಟ್? ಅದರ ಕಚ್ಚುವ ಬಲ ಸಹಜ ಹಲ್ಲಿನ ಕಾಲು ಭಾಗ ಬಂದರೆ ಪುಣ್ಯ. ಶೇಂಗಾ ಚಟ್ನಿಯ ಒಂದು ಚೂರು ಅಡಿಗೆ ಸೇರಿತೋ, ಸಿದ್ಧಾಂತ ಸಮೇತ ಸೆಟ್ಟೇ ಅಲುಗಾಡುತ್ತದೆ.

ಪರಿಹಾರ ಕೊನೆಗೆ ರಾಣೆಬೆನ್ನೂರಿನಲ್ಲಿ ಸಿಕ್ಕಿತು, ದವಾಖಾನೆಯಲ್ಲಲ್ಲ, 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯದಲ್ಲಿ. ಕೃಷ್ಣಮೃಗಕ್ಕೆ ಮೇಲ್ಸಾಲಿನ ಬಾಚಿಹಲ್ಲುಗಳೇ ಇಲ್ಲ. ಆ ಜಾಗದಲ್ಲಿ ಗಟ್ಟಿ ವಸಡಿನ ಮೆತ್ತೆ. ಅದಕ್ಕೊತ್ತಿ ಹುಲ್ಲು ತರಿದು, ಆಮೇಲೆ ದವಡೆಯಲ್ಲಿ ಸಾವಕಾಶವಾಗಿ ಮೆಲುಕು ಹಾಕುತ್ತದೆ. ಪಾದರಸವಿಲ್ಲ, ಕಲೆಯಿಲ್ಲ, ಬಿಲ್ಲೂ ಇಲ್ಲ. ಇದೇ ಪರಮ ದ್ರವ್ಯವೆಂದು ನಾವು ಮಂಡಿಸುತ್ತಲೇ ಪೂರ್ವಪಕ್ಷಿ ಟವೆಲ್ ಕೊಡವಿ ಎದ್ದ: "ಮೆಲುಕು ಹಾಕ್ಕೋತ ಕುಂತ್ರ ಬ್ಯಾಡಗಿ ಮಾರ್ಕೆಟ್ಟಿನ ಸೋಮವಾರದ ಟೆಂಡರ್‌ಗೆ ಮೆಣಸಿನಕಾಯಿ ಚೀಲ ಒಯ್ಯೋರ್ ಯಾರ್ರೀ?"